ಫುಡ್ ಟ್ರಕ್ ಹುಡುಗರಿಗೆ ಯಾವ ಬಟ್ಟೆ? ಲೋಗೋ ಆಮೇಲೆ, ಮೊದಲು ನೂಲು ನೋಡಿ

ಮೈಸೂರು: ಸಂಜೆ ಆದ್ರೆ ಸಾಕು, ಕುವೆಂಪುನಗರ, ವಿಜಯನಗರ, ಮಾನಸಗಂಗೋತ್ರಿ ಸುತ್ತಮುತ್ತ ಫುಡ್ ಟ್ರಕ್, ತಳ್ಳುಗಾಡಿಗಳ ಒಲೆ ಹತ್ತುತ್ತೆ. ದಸರಾ ಆಹಾರ ಮೇಳದ ಹೊತ್ತಿಗೆ ಹೊಸಬರೂ ಸೇರ್ಕೋತಾರೆ. ಗಾಡಿ ಹಾಕೋರು ಬೋರ್ಡು, ಲೈಟು, ಪೇಂಟಿಗೆ ಧಾರಾಳವಾಗಿ ಖರ್ಚು ಮಾಡ್ತಾರೆ. ಕೆಲಸದ ಹುಡುಗರಿಗೆ ಮಾತ್ರ ಹೆಸರು ಪ್ರಿಂಟ್ ಹಾಕಿಸಿದ ಪಾಲಿಯೆಸ್ಟರ್ ಟೀ ಶರ್ಟ್ ಕೊಟ್ಟು ಯೂನಿಫಾರ್ಮ್ ಆಯ್ತು ಅಂತಾರೆ. ಫೋಟೋಗೆ ಚೆನ್ನಾಗಿರುತ್ತೆ, ಒಲೆ ಮುಂದೆ ನಿಲ್ಲೋನಿಗೆ ಅದು ಅಪಾಯ.

ಕಾರಣ ಸರಳ. ಬೆಂಕಿ ತಗುಲಿದರೆ ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಹತ್ತಿ ಬಟ್ಟೆಯೂ ಉರಿಯುತ್ತೆ, ಆದರೆ ಕರಗಿ ಅಂಟೋದಿಲ್ಲ, ಬೆವರನ್ನೂ ಹೀರುತ್ತೆ. ಟ್ರಕ್ ಒಳಗೆ ಎರಡು ಒಲೆ, ಒಂದು ಹೆಂಚು, ಪಕ್ಕದಲ್ಲೇ ಸಿಲಿಂಡರ್. ಹಿಂದೆ ಸರಿಯೋಕೂ ಜಾಗ ಇರಲ್ಲ. ಹಾಗಾಗಿ ದಪ್ಪ ಹತ್ತಿ ಡ್ರಿಲ್ ಬಟ್ಟೆಯೇ ಸರಿ. ಅಂಗಡಿಯವರು 'ಕಾಟನ್' ಅಂದದ್ದೆಲ್ಲ ಕಾಟನ್ ಅಲ್ಲ, ಮಿಕ್ಸ್ ಇರುತ್ತೆ. ಅಂಚಿನಿಂದ ಒಂದು ನೂಲು ಕಿತ್ತು ಸ್ಟೀಲ್ ತಟ್ಟೆ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಗಟ್ಟಿ ಮಣಿ ತರ ಗಂಟು ಕಟ್ಟಿದರೆ ಪಾಲಿಯೆಸ್ಟರ್ ಸೇರಿದೆ ಅಂತ ಅರ್ಥ.

ದೊಡ್ಡ ಹೋಟೆಲ್ ಶೆಫ್‌ಗಳ ಕೋಟಿಗೆ ಎದೆ ಮೇಲೆ ಎರಡು ಪದರ ಇರೋದು ಬರೀ ಸ್ಟೈಲಿಗಲ್ಲ. ಬಿಸಿ ಎಣ್ಣೆ ಸಿಡಿದರೆ ಮೈಗೆ ಮುಟ್ಟೋದು ತಡವಾಗುತ್ತೆ, ಒಂದು ಕಡೆ ಕಲೆಯಾದರೆ ಮಡಿಕೆ ತಿರುಗಿಸಿ ಹಾಕಬಹುದು. ಆದರೆ ಏಪ್ರಿಲ್ ಬಿಸಿಲಲ್ಲಿ ತಗಡಿನ ಗಾಡಿಯೊಳಗೆ ಆ ಕೋಟು ಹಾಕಿ ನಿಲ್ಲೋದು ಕಷ್ಟ. ನಮ್ಮಲ್ಲಿಗೆ ಮೊಣಕೈ ದಾಟುವ ತೋಳಿನ ಹತ್ತಿ ಶರ್ಟು, ಅದರ ಮೇಲೆ ಎದೆಯಿಂದ ಮೊಣಕಾಲಿನವರೆಗೆ ಬರುವ ಏಪ್ರನ್ ಸಾಕು. ಏಪ್ರನ್‌ಗೆ ಎದೆ ಭಾಗದಲ್ಲಿ ಎರಡು ಪದರ ಹಾಕಿ ಅಂತ ಟೈಲರ್‌ಗೆ ಹೇಳಿ. ಬಟ್ಟೆಯನ್ನ ಒಂದು ಸಲ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತೆ. ದಾರವನ್ನ ಹಿಂದೆ ಕಟ್ಟಬೇಕು, ಎಳೆದರೆ ಬಿಚ್ಚುವ ಹಾಗೆ. ಮುಂದೆ ಸುತ್ತಿ ಕಟ್ಟಿದರೆ ತುದಿ ಒಲೆ ಕಡೆ ನೇತಾಡುತ್ತೆ. ಹೆಸರು ಬೇಕೇ ಬೇಕು ಅಂದ್ರೆ ಕಸೂತಿ ಹಾಕಿಸಿ. ಎದೆ ಮೇಲೆ ದೊಡ್ಡ ಪ್ಲಾಸ್ಟಿಕ್ ಪ್ರಿಂಟ್ ಬೇಡ.

ಕಾಲಿಗೆ ಹವಾಯಿ ಚಪ್ಪಲಿ ಹಾಕೋದು ನಮ್ಮ ಗಾಡಿಗಳಲ್ಲಿ ಅತಿ ಹೆಚ್ಚು ಕಾಣೋ ತಪ್ಪು. ಬಾಣಲೆ ಅಲ್ಲಾಡಿದರೆ ಎಣ್ಣೆ ಬೀಳೋದು ಪಾದದ ಮೇಲೆಯೇ. ಕ್ಯಾನ್ವಾಸ್ ಶೂ ಎಣ್ಣೆ ಹೀರುತ್ತೆ, ಅದೂ ಬೇಡ. ಜಾರದ ಸೋಲ್ ಇರೋ, ಪಾದ ಪೂರ್ತಿ ಮುಚ್ಚೋ ಶೂ ತಗೊಳ್ಳಿ.

ಹೆಂಗಸರು ದುಪಟ್ಟಾ ಕಳಚಿಟ್ಟೋ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಏಪ್ರನ್ ಕಟ್ಟಿಯೋ ಕೆಲಸ ಮಾಡಿದರೆ ಒಳ್ಳೇದು. ನೈಲಾನ್ ಸೀರೆ ಒಲೆ ಹತ್ತಿರ ಬೇಡವೇ ಬೇಡ. ಮುಡಿದ ಮಲ್ಲಿಗೆಯೂ ಟೋಪಿ ಒಳಗೇ ಇರಲಿ, ಇಲ್ಲದಿದ್ದರೆ ಎಸಳು ಸಾಂಬಾರಿಗೆ ಬೀಳುತ್ತೆ. ಆಹಾರಕ್ಕೆ ಬೀಳಬಹುದಾದ ಸಡಿಲ ವಸ್ತು ಧರಿಸಬಾರದು, ಗಾಯ ಮುಚ್ಚಿರಬೇಕು, ಉಗುರು ಕತ್ತರಿಸಿರಬೇಕು ಅಂತ 2011ರ ಆಹಾರ ಸುರಕ್ಷತಾ ಪರವಾನಗಿ ಮತ್ತು ನೋಂದಣಿ ನಿಯಮಗಳ 4ನೇ ಶೆಡ್ಯೂಲ್‌ನಲ್ಲಿದೆ. ಸಣ್ಣ ವ್ಯಾಪಾರಿಗಳಿಗೂ ಇದು ಅನ್ವಯ. ವಾಚು, ಉಂಗುರ, ಗಾಜಿನ ಬಳೆ ಮನೇಲಿ ಬಿಡಿ.

ಗ್ಲೌಸ್ ವಿಷಯದಲ್ಲಿ ಗೊಂದಲ ಜಾಸ್ತಿ. ತೆಳು ಪ್ಲಾಸ್ಟಿಕ್ ಗ್ಲೌಸ್ ಬಡಿಸೋಕೆ, ಚುರುಮುರಿ ಕಲಸೋಕೆ ಮಾತ್ರ. ಅದನ್ನ ಹಾಕಿಕೊಂಡು ಹೆಂಚಿನ ಹತ್ತಿರ ಹೋದರೆ ಕೈಗೇ ಕರಗುತ್ತೆ. ಅದೇ ಗ್ಲೌಸಲ್ಲಿ ನೋಟು ತಗೊಂಡು ಚಿಲ್ಲರೆ ಕೊಟ್ಟರೆ ಗ್ಲೌಸ್ ಹಾಕಿಯೂ ದಂಡ. ದುಡ್ಡಿಗೆ ಬೇರೆ ಆಳು ಇರಲಿ. ಒಬ್ಬನೇ ಇದ್ದರೆ ಕ್ಯೂಆರ್ ಕೋಡ್ ಗಿರಾಕಿ ಕಡೆ ತಿರುಗಿಸಿಡಿ.

ಬಣ್ಣ? ಬಿಳಿಗೆ ಅರಿಶಿನ, ಖಾರದಪುಡಿ ಕಲೆ ಹೋಗಲ್ಲ. ಕಪ್ಪು ಬಿಸಿಲಲ್ಲಿ ಕಾಯುತ್ತೆ, ಕೊಳೆಯನ್ನೂ ಮುಚ್ಚಿಡುತ್ತೆ. ಬೂದು ಅಥವಾ ನೀಲಿ ವಾಸಿ.

ಒಬ್ಬರಿಗೆ ಕನಿಷ್ಠ ಮೂರು ಏಪ್ರನ್ ಮಾಡಿಸಿ: ಒಂದು ಮೈಮೇಲೆ, ಒಂದು ಒಗೆಯೋಕೆ, ಒಂದು ಗಾಡಿಯಲ್ಲಿ. ವಾರಗಟ್ಟಲೆ ಎಣ್ಣೆ ಕುಡಿದ ಏಪ್ರನ್ ಬತ್ತಿ ಇದ್ದ ಹಾಗೆ, ಬೇಗ ಹೊತ್ತಿಕೊಳ್ಳುತ್ತೆ. ದಿನಾ ಬಿಸಿನೀರು, ಸೋಪಿನಪುಡಿಯಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ.

ಇಷ್ಟೆಲ್ಲ ಇದ್ದೂ ಬಿಸಿ ಎಣ್ಣೆ ಬಿತ್ತು ಅಂದ್ರೆ ನೆನೆದ ಬಟ್ಟೆ ತಕ್ಷಣ ತೆಗೀರಿ. ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಿ. ಪೇಸ್ಟು, ಇಂಕು, ಐಸು ಹಚ್ಚಬೇಡಿ. ಗಾಯ ದೊಡ್ಡದಿದ್ದರೆ 108ಕ್ಕೆ ಫೋನ್ ಮಾಡಿ. ಇದಕ್ಕಾಗಿ ಗಾಡಿಯಲ್ಲಿ ಪಾತ್ರೆ ತೊಳೆಯೋ ನೀರು ಬಿಟ್ಟು ಬೇರೆ ಎರಡು ಕ್ಯಾನ್ ಶುದ್ಧ ನೀರು ಇಟ್ಟಿರಿ.