ಕುಷ್ಠರೋಗ: ನರಗಳಿಗೆ ಹಾನಿಯಾಗುವ ಬಗೆ

ಕುಷ್ಠರೋಗಕ್ಕೆ ಕಾರಣವಾದ ರೋಗಾಣುವನ್ನು 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸೆನ್ ಪತ್ತೆಹಚ್ಚಿದರು. ಈ ರೋಗಾಣುವು ದೇಹದ ತಂಪಾದ ಭಾಗಗಳಲ್ಲಿ ಚರ್ಮದ ಸಮೀಪವಿರುವ ನರಗಳನ್ನು ಸೇರಿ, ನರತಂತುಗಳಿಗೆ ಹೊದಿಕೆಯಾಗಿರುವ ಶ್ವಾನ್ ಜೀವಕೋಶಗಳಲ್ಲಿ ಅತಿ ನಿಧಾನವಾಗಿ ವೃದ್ಧಿಸುತ್ತದೆ. ಇದರ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆಯು ಹೋರಾಡುವಾಗ ನರವು ಊದಿಕೊಂಡು ಹಾನಿಗೊಳಗಾಗುತ್ತದೆ. ಸ್ಪರ್ಶಜ್ಞಾನ ಹಾಗೂ ಸ್ನಾಯುಬಲ ಕುಂದುತ್ತವೆ. ನೋವು ತಿಳಿಯದ ಕಾರಣ ಸುಟ್ಟಗಾಯ, ಹುಣ್ಣುಗಳು ಗಮನಕ್ಕೆ ಬಾರದೆ ಉಲ್ಬಣಿಸಿ ಅಂಗವಿಕಲತೆ ಉಂಟಾಗಬಹುದು.

ಸ್ಪರ್ಶಜ್ಞಾನವಿಲ್ಲದ ತಿಳಿಬಿಳಿ ಅಥವಾ ತಾಮ್ರವರ್ಣದ ಮಚ್ಚೆ, ಕೈಕಾಲುಗಳಲ್ಲಿ ಜೋಮು ಕಂಡುಬಂದಲ್ಲಿ ಕೊರವಂಗಲ ಹಾಗೂ ಸುತ್ತಲಿನ ಗ್ರಾಮಸ್ಥರು ಆಶಾ ಕಾರ್ಯಕರ್ತೆಯರಿಗೆ ತಿಳಿಸಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಬಹು ಔಷಧ ಚಿಕಿತ್ಸೆಯು ಸಂಪೂರ್ಣ ಉಚಿತವಾಗಿದ್ದು, 6 ಅಥವಾ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಆದರೆ ಬಹುಕಾಲದಿಂದ ಹಾನಿಗೊಂಡ ನರವು ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ವಿಳಂಬ ಸಲ್ಲದು.