ಪಾಪಾಸುಕಳ್ಳಿಯ ಮೇಲೆ ಬಿಳಿ ಹತ್ತಿ

ಊರಿನ ಬೇಲಿಯಿಂದ ಮುರಿದು ತಂದ ಪಾಪಾಸುಕಳ್ಳಿ ಎರಡು ವರ್ಷದಿಂದ ನಮ್ಮ ಬಾಲ್ಕನಿಯ ಕುಂಡದಲ್ಲಿದೆ. ಮರಳು ಬೆರೆಸಿದ ಮಣ್ಣು, ಕುಂಡದ ತಳಕ್ಕೊಂದು ತೂತು, ಬೆಳಗಿನ ಬಿಸಿಲು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಇಷ್ಟೇ ಆರೈಕೆ. (ಇದಕ್ಕೆ ಮುಂಚಿನ ಗಿಡಕ್ಕೆ ಪ್ರೀತಿಯಿಂದ ದಿನಾ ನೀರು ಹಾಕಿ ಬೇರು ಕೊಳೆಸಿ ಕೊಂದಿದ್ದೆ, ಅದು ಬೇರೆ ಕತೆ!)

ಮೊನ್ನೆ ಭಾನುವಾರ ನೋಡ್ತೀನಿ, ಗಿಡದ ಮೇಲೆ ಹತ್ತಿ ಅಂಟಿಸಿದ ಹಾಗೆ ಬಿಳಿ ಚುಕ್ಕೆಗಳು. ಬೂಸ್ಟು ಇರಬೇಕು ಅಂತ ಕಡ್ಡಿಯಿಂದ ಒತ್ತಿದರೆ ಒಳಗಿಂದ ಕಡುಗೆಂಪು ರಸ! ಅಮ್ಮನಿಗೆ ಫೋನ್ ಮಾಡಿದೆ. "ಬೇಲಿ ಗಿಡಕ್ಕೂ ಡಾಕ್ಟರ್ ಬೇಕೇನೋ ನಿಂಗೆ?" ಅಂತ ನಕ್ಕಳು.

ಹುಡುಕುತ್ತಾ ಹೋದರೆ ಸಿಕ್ಕಿದ್ದು ಕೊಚಿನೀಲ್ ಹುಳು, ಅದರ ಜೊತೆಗೆ ಇನ್ನೂರು ವರ್ಷದ ಇತಿಹಾಸ. ಪಾಪಾಸುಕಳ್ಳಿ ನಮ್ಮದೇ ಗಿಡ ಅಂದುಕೊಂಡಿದ್ದೆ. ಅಲ್ಲವಂತೆ. ಮುರಿದರೆ ಹಾಲು ಸುರಿಯುವ ಕಳ್ಳಿ ನಮ್ಮದು, ಅದು ಕ್ಯಾಕ್ಟಸ್ ಅಲ್ಲ. ಚಪ್ಪಲಿಯ ಅಟ್ಟೆಯಂತಿರುವ ಈ ಪಾಪಾಸುಕಳ್ಳಿ ಅಮೆರಿಕಾ ಖಂಡದ್ದು.

ಅಲ್ಲಿ ಮೆಕ್ಸಿಕೋದ ರೈತರು ಕಳ್ಳಿಯ ಮೇಲೆ ಈ ಹುಳು ಸಾಕಿ, ಒಣಗಿಸಿ ಬಣ್ಣ ತೆಗೆಯುತ್ತಿದ್ದರು. ಒಂದು ಪೌಂಡಿಗೆ ಸುಮಾರು 70,000 ಹುಳು ಬೇಕು. ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟಿಗೆ ಇದೇ ಬಣ್ಣ. ಆದರೆ ವ್ಯಾಪಾರವೆಲ್ಲ ಸ್ಪೇನ್ ಕೈಯಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಹೊಟ್ಟೆ ಉರಿಯದೇ ಇರುತ್ತಾ? ಮದರಾಸಿನಲ್ಲಿ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯದೇ ಒಂದು ತೋಟ ಮಾಡಿಸಿದ. ಹುಳು ಬರುವ ಮುಂಚೆಯೇ ಅದಕ್ಕೆ ಊಟ ರೆಡಿ :-)

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತಾಗೆ ತಂದೇ ಬಿಟ್ಟ. ಎಲ್ಲರಿಗೂ ಸಂಭ್ರಮ. ಆದರೆ ಆತ ತಂದದ್ದು ಮೆಕ್ಸಿಕೋದ ಸಾಕಿದ ಹುಳು ಅಲ್ಲ, ಅದರ ಕಾಡು ದಾಯಾದಿ! ಬಣ್ಣ ಕಳಪೆ, ಹಸಿವು ಮಾತ್ರ ಜೋರು. ಬಣ್ಣದ ಆಸೆಗೆ ಬೆಳೆಸಿದ ಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ನಮ್ಮ ಕೆಲಸದಲ್ಲೂ ಬಗ್ ಹೀಗೇ, ಒಳಗೆ ಬಿಟ್ಟುಕೊಂಡ ಮೇಲೆ ಅದರದ್ದೇ ದರ್ಬಾರು.

ಮುಂದಿನದು ನನಗೆ ತುಂಬಾ ಹಿಡಿಸಿತು. ಅಷ್ಟರಲ್ಲಿ ಕಳ್ಳಿ ಹೊಲ, ಗೋಮಾಳಗಳಿಗೆ ನುಗ್ಗಿ ರೈತರಿಗೆ ಪೀಡೆಯಾಗಿತ್ತು. ಹಾಗಾಗಿ ಬೇಡವಾಗಿದ್ದ ಅದೇ ಹುಳುವನ್ನು 1836ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬೇಕಂತಲೇ ತಂದು ಬಿಟ್ಟರು. ಕಳೆಯ ಮೇಲೆ ಕೀಟ ಬಿಟ್ಟು ಗೆದ್ದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಕಳ್ಳಿಯ ಇನ್ನೊಂದು ಜಾತಿ ಈ ಹುಳುವಿಗೆ ಬಗ್ಗಲಿಲ್ಲ. ಅದಕ್ಕೆ 1926ರಲ್ಲಿ ಸಿಲೋನಿನಿಂದ ಬೇರೆ ಜಾತಿಯ ಹುಳು ಬರಬೇಕಾಯಿತು. ಐದಾರು ವರ್ಷದಲ್ಲಿ ಸುಮಾರು 40,000 ಹೆಕ್ಟೇರ್ ಕಳ್ಳಿ ಹತೋಟಿಗೆ ಬಂತು.

ಅಂದರೆ, ಊರ ಬೇಲಿಯಲ್ಲಿ ಈಗ ಉಳಿದಿರುವುದು ಆ ಯುದ್ಧದಲ್ಲಿ ತಪ್ಪಿಸಿಕೊಂಡವು. ಅದರದ್ದೇ ಒಂದು ತುಂಡಿಗೆ ನಾನು ಅರ್ಧ ಗಂಟೆ ಕೂತು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒಂದೊಂದೇ ಹುಳು ಒರೆಸಿದೆ. ಬೆರಳೆಲ್ಲ ಕೆಂಪು.

ರಾತ್ರಿ ಅಮ್ಮನ ಫೋನ್ ಬಂತು. "ನಮ್ಮ ಬೇಲೀಲೂ ಬಿಳೀಗೆ ಹತ್ತಿದೆ ಕಣೋ, ಈಗ ನೋಡ್ಕೊಂಡು ಬಂದೆ. ಆ ಸ್ಪಿರಿಟ್ಟು ಎಷ್ಟು ಹಾಕ್ಬೇಕು?"