ಪರವೂರಿನಲ್ಲಿ ಔಷಧಿ ಚೀಟಿ

ಕೋಲ್ಕತ್ತಾಕ್ಕೆ ಹತ್ತು ದಿನಕ್ಕೆಂದು ಹೋದವನು, ಗ್ರಂಥಾಲಯದ ಹಳೆಯ ವರದಿಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಉಳಿದುಬಿಟ್ಟೆ. ನೋಡಿದರೆ ಮೂರ್ಛೆರೋಗದ ಮಾತ್ರೆ ಎರಡು ದಿನಕ್ಕಾಗುವಷ್ಟೇ ಇತ್ತು. ಅದನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ. ತಪ್ಪಿದರೆ ಫಿಟ್ಸ್ ಮರುಕಳಿಸಬಹುದು. ಧಾರವಾಡದ ಡಾಕ್ಟರು ಬರೆದ ಚೀಟಿ ಜೊತೆಗಿದೆಯಲ್ಲ ಎಂಬ ಧೈರ್ಯವಿತ್ತು.

ಮೊದಲ ಎರಡು ಅಂಗಡಿಗಳಲ್ಲಿ ಆ ಕಂಪನಿಯ ಮಾತ್ರೆ ಇರಲಿಲ್ಲ. ಮೂರನೆಯದರಲ್ಲಿ ಅದೇ ಲೆವೆಟಿರಾಸಿಟಾಮ್, ಅದೇ 500 ಮಿಲಿಗ್ರಾಂ, ಬೇರೆ ಹೆಸರಿನಲ್ಲಿ ಇತ್ತು. "ದಾದಾ, ಅದನ್ನೇ ಕೊಡಿ" ಎಂದೆ ಹರಕು ಹಿಂದಿಯಲ್ಲಿ. ಅಂಗಡಿಯ ಹಿರಿಯರು ಒಪ್ಪಲಿಲ್ಲ. ಚೀಟಿಯಲ್ಲಿ ಬರೆದ ಹೆಸರು ಬದಲಿಸುವಂತಿಲ್ಲ. ಮೇಲಾಗಿ ಚೀಟಿ ಐದು ತಿಂಗಳು ಹಳೆಯದು, ಮತ್ತೆ ಮತ್ತೆ ಕೊಡಬಹುದೆಂದು ಡಾಕ್ಟರು ಬರೆದಿಲ್ಲ.

ಸಿಟ್ಟು ಬಂತು. ಊರಲ್ಲಾದರೆ ನನ್ನ ಮುಖ ಕಂಡೊಡನೆ "ಅವೇ ಗುಳಿಗಿ ಏನ್ರೀ ಸರ?" ಎನ್ನುತ್ತಾರೆ, ಚೀಟಿ ಕೇಳುವುದೂ ಇಲ್ಲ.

ತಮಾಷೆಯೆಂದರೆ, ಆ ಬೆಳಿಗ್ಗೆ ನಾನು ಓದುತ್ತಿದ್ದುದು ಈ ಕಟ್ಟುನಿಟ್ಟಿನ ಮೂಲವನ್ನೇ. ಕಲಬೆರಕೆಯ, ಸತ್ವವಿಲ್ಲದ ಔಷಧಿಗಳು ಪೇಟೆಯಲ್ಲಿ ತುಂಬಿದ್ದ ಕಾಲ ಅದು. ಅವುಗಳಲ್ಲಿ ಕ್ವಿನೈನ್ ಕೂಡ ಇತ್ತು. ಚಳಿಜ್ವರದಲ್ಲಿ ನಡುಗುತ್ತಿದ್ದ ನಮ್ಮ ಮಲೆನಾಡಿನವರಿಗೆ ಅದೇ ಆಸರೆ. 1930ರಲ್ಲಿ ಸರ್ಕಾರ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧಿ ವಿಚಾರಣಾ ಸಮಿತಿ ನೇಮಿಸಿತು. ಅವರು ಇದೇ ಊರಿನ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಪ್ರಾಧ್ಯಾಪಕರು. 1931ರಲ್ಲಿ ವರದಿ ಬಂತು. ಕಾಯ್ದೆಯಾಗಲು 1940 ಬರಬೇಕಾಯಿತು, ನಿಯಮಗಳಿಗೆ 1945, ಔಷಧಿ ಕೊಡುವವರು ಓದಿ ನೋಂದಾಯಿಸಿಕೊಂಡಿರಬೇಕೆಂಬ ಫಾರ್ಮಸಿ ಕಾಯ್ದೆಗೆ 1948. ಚೀಟಿಗೆ ಸಹಿ, ದಿನಾಂಕ, ರೋಗಿಯ ಹೆಸರು, ವಿಳಾಸ ಬೇಕು. ಡಾಕ್ಟರು ಬರೆಯದಿದ್ದರೆ ಒಂದೇ ಸಲ ಕೊಡಬೇಕು. ಬರೆದದ್ದರ ಬದಲು ಇನ್ನೊಂದನ್ನು ಕೊಡಬಾರದು, ಒಳಗಿನ ಔಷಧಿ ಒಂದೇ ಆದರೂ. ಇವೆಲ್ಲ ಆ ನಿಯಮಾವಳಿಯಲ್ಲೇ ಇವೆ. ಕೆಲವು ಆಮೇಲೆ ಸೇರಿದವು. ಅವುಗಳ ಕಣ್ಣಿಗೆ ರೋಗಿ ಎಂದರೆ ತನ್ನ ಊರಿನಲ್ಲೇ, ತನ್ನ ಡಾಕ್ಟರ ಹತ್ತಿರವೇ ಇರುವವನು. ಒಂದೇ ಔಷಧಿಗೆ ಹತ್ತಾರು ಹೆಸರು, ಒಂದೊಂದು ಊರಿನಲ್ಲಿ ಒಂದೊಂದು ಕಂಪನಿಯದು ಸಿಗುವ ಕಾಲದಲ್ಲಿ ಪ್ರಯಾಣ ಹೊರಟವನನ್ನು ಅವು ಮರೆತಿವೆ. ಔಷಧಿಯ ಮೂಲ ಹೆಸರನ್ನೇ ಬರೆಯಿರಿ ಎಂದು ವೈದ್ಯರಿಗೆ 2002ರ ನಿಯಮವೇನೋ ಹೇಳಿದೆ. ನನ್ನ ಚೀಟಿಯಲ್ಲಿ ಇದ್ದದ್ದು ಕಂಪನಿಯ ಹೆಸರು.

ಆ ಹಿರಿಯರೇ ದಾರಿ ತೋರಿಸಿದರು: "ನಿಮ್ಮ ಡಾಕ್ಟರಿಗೆ ಫೋನ್ ಮಾಡಿ." 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಡಾಕ್ಟರು ಸಹಿ ಮಾಡಿದ ಚೀಟಿಯ ಫೋಟೋ ಕಳಿಸಬಹುದು. ಸಂಜೆ ಓಪಿಡಿ ಮುಗಿದ ಮೇಲೆ ವಾಟ್ಸಾಪಿಗೆ ಹೊಸ ಚೀಟಿ ಬಂತು, ಮೂಲ ಹೆಸರಿನಲ್ಲಿ, ದಪ್ಪಕ್ಷರದಲ್ಲಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಓಡಿದೆ. ಅವರು ಎರಡು ಸ್ಟ್ರಿಪ್ ಎಣಿಸಿ ಕೊಟ್ಟು, ನಿಯಮದಂತೆ ಚೀಟಿಯ ಮೇಲೆ ಅಂಗಡಿಯ ಮೊಹರು ಒತ್ತಿ ದಿನಾಂಕ ಬರೆದರು.

ಧಾರವಾಡಕ್ಕೆ ಮರಳಿದ ಮೇಲೆ ನಮ್ಮ ಅಂಗಡಿಯವರಿಗೆ ಆ ಚೀಟಿಯನ್ನೇ ಕೊಟ್ಟೆ. ಬಂಗಾಳಿ ಮೊಹರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ರೀ ಸರ, ಇಷ್ಟ್ಯಾಕ ತ್ರಾಸ ತಗೊಂಡ್ರಿ?" ಎಂದರು.